ಹರಡಿದ ಕಿಡ್ನಿ ಕ್ಯಾನ್ಸರಿಗೆ ರಕ್ಷಣಾ ಕೋಶಗಳ ಚಿಕಿತ್ಸೆ: ಪರೀಕ್ಷೆಗಳು ಕಲಿಸಿದ್ದು

ಮೂತ್ರಪಿಂಡದ ಕ್ಯಾನ್ಸರು ಶ್ವಾಸಕೋಶಕ್ಕೆ ಹರಡಿದ ಮೇಲೂ, ರೋಗ ಹುಟ್ಟಿದ ಮೂತ್ರಪಿಂಡವನ್ನು ತೆಗೆದುಹಾಕಿದ ಬೆರಳೆಣಿಕೆಯ ರೋಗಿಗಳಲ್ಲಿ, ಬೇರೆ ಯಾವ ಔಷಧವನ್ನೂ ಕೊಡದೆಯೇ ಶ್ವಾಸಕೋಶದ ಗಂಟುಗಳು ತಾವಾಗಿ ಕರಗಿಹೋದದ್ದನ್ನು ವೈದ್ಯರು ಬಹಳ ಹಿಂದಿನಿಂದ ದಾಖಲಿಸುತ್ತ ಬಂದಿದ್ದಾರೆ. ದೇಹದ ರಕ್ಷಣಾ ವ್ಯವಸ್ಥೆ ಈ ರೋಗವನ್ನು ಗುರುತಿಸಬಲ್ಲದು ಎಂಬ ಭರವಸೆ ಹುಟ್ಟಿದ್ದು ಈ ಅಪರೂಪದ ಸಂಗತಿಯಿಂದ. ಚಿಕಿತ್ಸೆಯ ಫಲವನ್ನು ಅಳೆಯುವುದು ಕಷ್ಟವಾದದ್ದೂ ಇದರಿಂದಲೇ. 1998ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಇಂಟರ್‌ಫೆರಾನ್-ಗಾಮಾ ಎಂಬ, ರಕ್ಷಣಾ ವ್ಯವಸ್ಥೆಯನ್ನು ಹುರಿದುಂಬಿಸುವ ಔಷಧವನ್ನು ಪಡೆದವರ ಪೈಕಿ ಶೇ. 4.4 ಮಂದಿಯ ಗಡ್ಡೆ ಕುಗ್ಗಿದರೆ, ಔಷಧವೇ ಇಲ್ಲದ ಹುಸಿಮದ್ದನ್ನು ಪಡೆದವರಲ್ಲಿ ಶೇ. 6.6 ಮಂದಿಯ ಗಡ್ಡೆ ಕುಗ್ಗಿತ್ತು. ಈ ರೋಗದಲ್ಲಿ ಹೋಲಿಕೆಯ ಗುಂಪಿಲ್ಲದೆ ನಡೆಸಿದ ಪ್ರಯೋಗವನ್ನು ಎಷ್ಟು ಎಚ್ಚರದಿಂದ ಓದಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಗುವುದು ಕಷ್ಟ.

ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸ್ಟೀವನ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ವರದಿಯಿಂದ ಕೋಶ ಚಿಕಿತ್ಸೆಯ ಹೊಸ ಅಧ್ಯಾಯ ಆರಂಭವಾಯಿತು. ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿಕೊಂಡು ಉಳಿದ ರಕ್ತವನ್ನು ಮರಳಿ ದೇಹಕ್ಕೆ ಸೇರಿಸುತ್ತಿದ್ದರು. ಬೇರ್ಪಡಿಸಿದ ಕಣಗಳನ್ನು, ಅವನ್ನು ಹುರಿದುಂಬಿಸುವ ಇಂಟರ್‌ಲ್ಯೂಕಿನ್-2 ಎಂಬ ಪ್ರೋಟೀನಿನಲ್ಲಿ ಕೆಲವು ದಿನ ಇರಿಸಿ, ಮತ್ತೆ ಅದೇ ರೋಗಿಗೆ ಅದೇ ಪ್ರೋಟೀನಿನ ಜೊತೆಯಲ್ಲಿ ಕೊಡುತ್ತಿದ್ದರು. ಬಗೆಬಗೆಯ ಕ್ಯಾನ್ಸರುಗಳು ಹರಡಿದ್ದ 25 ರೋಗಿಗಳಲ್ಲಿ 11 ಮಂದಿಯ ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತು. ಅದಕ್ಕೆ ರೋಗಿಗಳು ತೆತ್ತ ಬೆಲೆ ಸಣ್ಣದಲ್ಲ. ಇಂಟರ್‌ಲ್ಯೂಕಿನ್-2ರ ಪ್ರಭಾವದಿಂದ ಸೂಕ್ಷ್ಮ ರಕ್ತನಾಳಗಳು ಸೋರತೊಡಗಿ, ರಕ್ತದೊತ್ತಡ ಕುಸಿದು, ಕೈಕಾಲು ಬಾತು, ಶ್ವಾಸಕೋಶದಲ್ಲಿ ನೀರು ತುಂಬಿ, ಕೆಲವೇ ದಿನಗಳಲ್ಲಿ ದೇಹದ ತೂಕ ಹಲವು ಕಿಲೋ ಏರುತ್ತಿತ್ತು. ತೀವ್ರ ನಿಗಾ ಘಟಕದ ನೆರವಿಲ್ಲದೆ ಈ ಚಿಕಿತ್ಸೆಯನ್ನು ಯೋಚಿಸುವಂತೆಯೂ ಇರಲಿಲ್ಲ.

ಹಾಗಾದರೆ ಫಲ ಕೊಟ್ಟದ್ದು ಕೋಶಗಳೋ, ಅವುಗಳ ಜೊತೆ ಕೊಟ್ಟ ಪ್ರೋಟೀನೋ? ಇದನ್ನು ತಿಳಿಯಲು ಅದೇ ತಂಡ 181 ರೋಗಿಗಳನ್ನು ಚೀಟಿ ಎತ್ತಿದಂತೆ, ಅಂದರೆ ಯಾರ ಆಯ್ಕೆಗೂ ಅವಕಾಶವಿಲ್ಲದಂತೆ, ಎರಡು ಗುಂಪು ಮಾಡಿ, ಒಂದಕ್ಕೆ ಇಂಟರ್‌ಲ್ಯೂಕಿನ್ ಮಾತ್ರವನ್ನೂ ಇನ್ನೊಂದಕ್ಕೆ ಕೋಶಗಳನ್ನೂ ಸೇರಿಸಿ ಕೊಟ್ಟಿತು. ಕಿಡ್ನಿ ಕ್ಯಾನ್ಸರಿನ ರೋಗಿಗಳಿಗೆ ಕೋಶಗಳಿಂದ ಹೆಚ್ಚಿನ ಆಯುಷ್ಯ ಸಿಗಲಿಲ್ಲ ಎಂಬ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ತಾವೇ ಕಟ್ಟಿದ ವಿಧಾನವನ್ನು ತಾವೇ ಇಂಥ ಒರೆಗೆ ಹಚ್ಚಿ, ಬಂದ ಫಲವನ್ನು ಮುಚ್ಚಿಡದೆ ಮುಂದಿಟ್ಟದ್ದು, 1985ರ ಉತ್ಸಾಹದ ವರದಿಗಿಂತಲೂ ದೊಡ್ಡ ಕೊಡುಗೆ ಎಂದು ಹೇಳಬೇಕಾಗುತ್ತದೆ.

ಮುಂದಿನ ಪಾಠ ಇನ್ನೂ ಕಠೋರವಾದದ್ದು. ರಕ್ತದಲ್ಲಿ ಅಲೆಯುವ ಕಣಗಳಿಗಿಂತ ಗಡ್ಡೆಯೊಳಕ್ಕೇ ನುಗ್ಗಿ ಕುಳಿತ ಲಿಂಫೋಸೈಟ್‌ಗಳಿಗೆ ಶತ್ರುವಿನ ಗುರುತು ಚೆನ್ನಾಗಿರುತ್ತದೆ ಎಂಬ ತರ್ಕದಿಂದ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೂತ್ರಪಿಂಡದ ಗಡ್ಡೆಯಿಂದ ಆ ಕೋಶಗಳನ್ನು ಬೇರ್ಪಡಿಸಿ, ವಾರಗಟ್ಟಲೆ ಬೆಳೆಸಿ, ರೋಗಿಗೆ ಮರಳಿಸುವ ಪ್ರಯೋಗ ನಡೆಯಿತು. ರಾಬರ್ಟ್ ಫಿಗ್ಲಿನ್ ಮತ್ತು ಸಹೋದ್ಯೋಗಿಗಳು 1999ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಕೋಶಗಳ ಗುಂಪಿಗೆ ಸೇರಿದ್ದ 81 ಮಂದಿಯಲ್ಲಿ 33 ಮಂದಿಗೆ ಕೋಶಗಳು ಸಿಗಲೇ ಇಲ್ಲ; ಪ್ರಯೋಗಾಲಯದಲ್ಲಿ ಸಾಕಷ್ಟು ಜೀವಂತ ಕೋಶಗಳು ಬೆಳೆಯಲಿಲ್ಲ. ಮೂತ್ರಪಿಂಡವನ್ನು ಕಳೆದುಕೊಂಡು, ಕೋಶಗಳಿಗಾಗಿ ಕಾದು, ಬರಿಗೈಯಲ್ಲಿ ಉಳಿದ ಈ 33 ಜನರನ್ನು ಲೆಕ್ಕದಿಂದ ಬಿಟ್ಟುಬಿಟ್ಟಿದ್ದರೆ ಚಿಕಿತ್ಸೆಯ ನಿಜರೂಪ ಕಾಣುತ್ತಿರಲಿಲ್ಲ. ಗುಂಪಿಗೆ ಸೇರಿದ ಎಲ್ಲರನ್ನೂ, ಚಿಕಿತ್ಸೆ ಸಿಕ್ಕಿರಲಿ ಬಿಡಲಿ, ಅದೇ ಗುಂಪಿನಲ್ಲಿಟ್ಟು ಎಣಿಸಿದಾಗ ಗಡ್ಡೆ ಕುಗ್ಗಿದವರು ಕೋಶಗಳ ಗುಂಪಿನಲ್ಲಿ ಶೇ. 9.9, ಇಂಟರ್‌ಲ್ಯೂಕಿನ್ ಮಾತ್ರ ಪಡೆದ ಗುಂಪಿನಲ್ಲಿ ಶೇ. 11.4. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ರೋಗಿಗೆ ಹೇಳಲೇಬೇಕಾದ ಮಾತುಗಳಲ್ಲಿ, ಕೋಶಗಳು ಬೆಳೆಯದೇ ಹೋಗಬಹುದು ಎಂಬುದೂ ಸೇರಬೇಕು.

ಕೋಶಗಳಿಗೆ ಗುರಿಯನ್ನೇ ಕಲಿಸಿಕೊಟ್ಟರೆ ಹೇಗೆ ಎಂಬ ಯೋಚನೆಯಿಂದ ಕಾರ್-ಟಿ ಕೋಶಗಳು ಬಂದವು. ಇವು ಕ್ಯಾನ್ಸರ್ ಕೋಶದ ಮೇಲ್ಮೈಯ ಒಂದು ಪ್ರೋಟೀನನ್ನು ಹಿಡಿಯುವಂತೆ ಜೀನ್ ಬದಲಿಸಿದ ಟಿ-ಲಿಂಫೋಸೈಟ್‌ಗಳು. ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮಿನಲ್ಲಿ 12 ರೋಗಿಗಳಿಗೆ ಕೊಟ್ಟ ಕೋಶಗಳು ಗುರಿಯನ್ನು ಹಿಡಿದದ್ದೇನೋ ನಿಜ. ಆದರೆ ಆ ಪ್ರೋಟೀನು ಯಕೃತ್ತಿನ ಪಿತ್ತನಾಳದ ಒಳಪದರದಲ್ಲೂ ಇದ್ದುದರಿಂದ, ಮೊದಲ ರೋಗಿಗಳಲ್ಲಿ ಕೋಶಗಳು ಅದರ ಮೇಲೂ ದಾಳಿ ಮಾಡಿ ಯಕೃತ್ತಿಗೆ ಹಾನಿಯಾಯಿತು. ನಂತರದ ರೋಗಿಗಳಿಗೆ ಮೊದಲೇ ಪ್ರತಿಕಾಯವನ್ನು ಕೊಟ್ಟು ಪಿತ್ತನಾಳವನ್ನು ಮರೆಮಾಡಿದಾಗ ಹಾನಿ ತಪ್ಪಿತು. ಗಡ್ಡೆ ಮಾತ್ರ ಯಾರಲ್ಲೂ ಕುಗ್ಗಲಿಲ್ಲ.

ಆ ಬಳಿಕ, ಆರೋಗ್ಯವಂತ ದಾನಿಗಳ ಕೋಶಗಳನ್ನು ಸಿಡಿ70 ಎಂಬ ಗುರಿಯತ್ತ ತಿರುಗಿಸಿ 16 ರೋಗಿಗಳಿಗೆ ಕೊಟ್ಟ ಪ್ರಯೋಗದ ವರದಿ 2024ರಲ್ಲಿ ಬಂತು. ಒಬ್ಬ ರೋಗಿಯಲ್ಲಿ ಕ್ಯಾನ್ಸರು ಪೂರ್ತಿ ಮಾಯವಾಗಿ ಮೂರು ವರ್ಷ ಕಳೆದರೂ ಮರಳಿರಲಿಲ್ಲ. 16ರಲ್ಲಿ ಒಬ್ಬರೆಂದರೆ ಶೇ. 6.3, ಕೆನಡಾದ ಹುಸಿಮದ್ದಿನ ಗುಂಪಿನ ಶೇ. 6.6ರ ಪಕ್ಕದಲ್ಲೇ ನಿಲ್ಲುವ ಸಂಖ್ಯೆ. ಈ 16 ಮಂದಿ ಹಲವು ಔಷಧಗಳಿಗೂ ಬಗ್ಗದ ರೋಗದೊಂದಿಗೆ ಬಂದವರಾದ್ದರಿಂದ ಎರಡೂ ಸಂಖ್ಯೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗದು, ಆ ಒಬ್ಬ ರೋಗಿಯ ಚೇತರಿಕೆ ಕೋಶಗಳದೇ ಫಲ ಎಂದು ನಂಬಲು ಸಾಕಷ್ಟು ಕಾರಣವೂ ಇದೆ. ಆದರೂ ಮುಂದಿನ ಹೆಜ್ಜೆಯಾಗಿ ಹೋಲಿಕೆಯ ಗುಂಪಿರುವ ಪ್ರಯೋಗವನ್ನೇ ಕೇಳಬೇಕಾಗುತ್ತದೆ.