ಸಾಫ್ಟ್‌ವೇರ್: ಕೊಳ್ಳುವುದೋ, ಬರೆಸುವುದೋ?



ಕಾರಖಾನೆಗೆ ಸಿದ್ಧ ಸಾಫ್ಟ್‌ವೇರ್ ಕೊಳ್ಳಬೇಕೋ, ನಮಗೆಂದೇ ಬರೆಸಬೇಕೋ ಎಂದು ಹಲವರು ಕೇಳುತ್ತಾರೆ. ಪಗಾರ, ಸ್ಟೋರ್, ಜಮಾಖರ್ಚು ಸೊಲ್ಲಾಪುರದಲ್ಲಿಯೂ ಅಕ್ಕಲಕೋಟೆಯಲ್ಲಿಯೂ ಒಂದೇ ರೀತಿ. ಇವಕ್ಕೆ ಸಿದ್ಧವಾದದ್ದೇ ಸಾಕು. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಹೇಳಿದಂತೆ 14 ದಿನ ಮೀರಿದ ಬಾಕಿಗೆ ಶೇಕಡಾ 15ರ ಬಡ್ಡಿ ಕಟ್ಟುವ ಲೆಕ್ಕವೂ ಎಲ್ಲ ಕಾರಖಾನೆಗಳಿಗೆ ಸಮಾನವೇ.

ಕಟಾವಿನ ಪಾಳಿ ಹಾಗಲ್ಲ. ಜುಲೈಯಲ್ಲಿ ನೆಟ್ಟ ಅಡಸಾಲಿ, ಅಕ್ಟೋಬರಿನ ಪೂರ್ವಹಂಗಾಮಿ, ಜನವರಿಯ ಸುರು, ಮೇಲೆ ಕುಳೆ ಕಬ್ಬು. ಎಲ್ಲ ಒಟ್ಟಿಗೇ ಪಕ್ವವಾಗುವುದಿಲ್ಲ. ಬೋರಿ ಹೊಳೆಯ ದಂಡೆಯ ಕಬ್ಬು ತಾಳೀತು, ಬಾವಿ ಬತ್ತಿದ ಹೊಲದ್ದು ಒಣಗೀತು. ಪಾಳಿ ತಪ್ಪಿದರೆ ಸೂಲಂಗಿ ಬಿಟ್ಟು ಬೆಂಡಾಗಿ ತೂಕ ಇಳಿಯುತ್ತದೆ, ನಷ್ಟ ರೈತನದು. ಬರೆಸುವುದಾದರೆ ಇದನ್ನೇ ಬರೆಸಬೇಕು.

ಆದರೆ ಪಾಳಿಯ ನಿಯಮವನ್ನು ಮೊದಲು ಕಾಗದದ ಮೇಲೆ ಬರೆದು, ಒಂದು ಹಂಗಾಮು ಕೈಯಿಂದಲೇ ನಡೆಸಿ ನೋಡಬೇಕು. ವಶೀಲಿಯಿಂದ ಪಾಳಿ ಬದಲಾಗುವಲ್ಲಿ ಯಂತ್ರವಾದರೂ ಏನು ಮಾಡೀತು? ಬರೆದವನು ಬಿಟ್ಟುಹೋದರೆ ನಡುಹಂಗಾಮಿನಲ್ಲಿ ಕೆಲಸ ನಿಲ್ಲಬಾರದು. ಅದಕ್ಕಾಗಿ ಮೂಲ ಬರಹವೂ ಮಾಹಿತಿಯೂ ಕಾರಖಾನೆಯ ಸ್ವತ್ತೆಂದು ಕರಾರಿನಲ್ಲಿ ಬರೆಸಬೇಕು. ವರ್ಷವರ್ಷದ ದುರಸ್ತಿ ಖರ್ಚನ್ನೂ ಮೊದಲೇ ಕೇಳಬೇಕು.

ನೋಂದಣಿಗೆ ಬಂದಾಗ ತಾವು ತಳಿ ಮತ್ತು ನಾಟಿಯ ತಾರೀಖನ್ನು ಇದ್ದದ್ದು ಇದ್ದಂತೆ ಬರೆಸಿರಿ.