ಚಿಂದಿ ಬಟ್ಟೆಯಿಂದ ಕೌದಿ ದಿಂಬಿನ ಚೀಲ



ಈ ಸಲದ ಗೋಡೆ ಪತ್ರಿಕೆಗೆ ‘ಮನೆಯಲ್ಲೇ ಕಲಿಯೋಣ’ ಪಾಠ ಬರೆಯಲು ಅಕ್ಕೋರು ನನಗೆ ಹೇಳಿದರು. ನನಗೆ ಬರುವುದು ಒಂದೇ ಕೈಕೆಲಸ. ಅದನ್ನೂ ಎರಡು ಸಲ ಕೆಡಿಸಿ ಕಲಿತೆ. ನೀವು ಕೆಡಿಸಬಾರದು ಅಂತ ನನ್ನ ತಪ್ಪುಗಳನ್ನೂ ಸೇರಿಸಿ ಬರೆದಿದ್ದೇನೆ.

ಕೌದಿ ಎಂದರೇನು?

ನಮ್ಮ ಉತ್ತರ ಕರ್ನಾಟಕದಲ್ಲಿ ಕೌದಿ ಗೊತ್ತಿಲ್ಲದವರು ಯಾರೂ ಇಲ್ಲ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಇಟ್ಟು, ಮೇಲೆ ತುಂಡುಗಳನ್ನು ಕೂಡಿಸಿ, ಕೈಯಿಂದ ಸಾಲು ಸಾಲಾಗಿ ಹೊಲಿದರೆ ಕೌದಿ ಆಗುತ್ತದೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ಅದಕ್ಕೇ ಕೌದಿ ಬೆಚ್ಚಗಿರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಅವರು ಅಂಚಿನಿಂದ ಸುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಚಿದ ಸಣ್ಣ ತುಂಡುಗಳ ‘ಫೂಲ’ ಇಡುತ್ತಾರೆ. ಬಂಗಾಳದಲ್ಲಿ ಕಾಂತಾ, ಬಿಹಾರದಲ್ಲಿ ಸುಜನಿ, ಮಹಾರಾಷ್ಟ್ರದಲ್ಲಿ ಗೋಧಡಿ. ಹೆಸರು ಬೇರೆ ಬೇರೆ, ಹಳೇ ಬಟ್ಟೆ ಚೆಲ್ಲಬಾರದು ಎಂಬ ಬುದ್ಧಿ ಒಂದೇ.

ನಾನು ಯಾಕೆ ಹೊಲಿದೆ?

ಹೋದ ವರ್ಷ ನಮ್ಮ ಮನೆ ಬ್ಯಾರೆ ಆಯಿತು. ಕಾಕಾನವರು ಅದೇ ಅಂಗಳದ ಆ ಕಡೆ ಒಲೆ ಹೂಡಿದರು. ದೊಡ್ಡವರ ನಡುವೆ ಮಾತು ನಿಂತಿತು. ಅಜ್ಜಿ ಮಾತ್ರ ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಆಕೆಗೆ ಬೆನ್ನು ನೋವು, ಗೋಡೆಗೆ ಒರಗಿದರೆ ಒತ್ತುತ್ತದೆ. ಅವ್ವ ಹಳೇ ಗಾದಿಯ ಅರಳೆ ತುಂಬಿ 16 ಇಂಚಿನ ಚೌಕ ದಿಂಬು ಮಾಡಿಕೊಟ್ಟಳು. ಅದಕ್ಕೆ ಚೀಲ ಹೊಲಿಯುವ ಕೆಲಸ ನನಗೆ ಬಂತು. ಅಜ್ಜಿ ಎಷ್ಟೋ ಕೌದಿ ಹೊಲಿದವಳು. ಈಗ ಕಣ್ಣು ಮಂಜು. ಆಕೆ ಹೇಳುವುದು, ನಾನು ಹೊಲಿಯುವುದು ಅಂತ ಆಯಿತು.

ಬೇಕಾಗುವ ಸಾಮಾನು

1. ಹತ್ತಿ ಬಟ್ಟೆಯ 16 ತುಂಡು, ಒಂದೊಂದೂ 4½ ಇಂಚು ಚೌಕ
2. ನಡುವಿನ ಪದರಕ್ಕೆ ಹಳೇ ಧೋತರ, ಎರಡು ಮಡಿಕೆ, 18 ಇಂಚು ಚೌಕ
3. ಒಳಗಿನ ಅಸ್ತರಕ್ಕೆ ತೆಳು ಬಟ್ಟೆ, 18 ಇಂಚು ಚೌಕ
4. ಹಿಂಬದಿಗೆ ಎರಡು ತುಂಡು, ಒಂದೊಂದೂ 16½ ಇಂಚು ಉದ್ದ, 11¼ ಇಂಚು ಅಗಲ
5. ಸೂಜಿ, ಗಟ್ಟಿ ದಾರ, ಕತ್ತರಿ, ಟೇಪು, ಸೀಮೆಸುಣ್ಣ, ರಟ್ಟು, ಗುಂಡುಪಿನ್ನು

ಲೆಕ್ಕ ತಪ್ಪಬೇಡಿ

ನನ್ನ ಮೊದಲನೇ ತಪ್ಪು ಇಲ್ಲೇ ಆದದ್ದು. ದಿಂಬು 16 ಇಂಚು, ಒಂದು ಸಾಲಿಗೆ 4 ತುಂಡು, ಹಾಗಾದರೆ ತುಂಡಿಗೆ 4 ಇಂಚು ಅಂತ ಕತ್ತರಿಸಿಬಿಟ್ಟೆ. ಎಲ್ಲಾ ಹೊಲಿದ ಮೇಲೆ ಚೀಲ 14 ಇಂಚೇ ಆಯಿತು! ದಿಂಬು ಒಳಗೆ ಹೋಗಲೇ ಇಲ್ಲ. ಉಳಿದ 2 ಇಂಚು ಎಲ್ಲಿ ಹೋಯಿತು? ಹೊಲಿಗೆ ತಿಂದಿತು. ಪ್ರತಿ ಜೋಡಣೆಯಲ್ಲಿ ಎರಡೂ ತುಂಡಿನ ಕಾಲು ಕಾಲು ಇಂಚು ಒಳಗೆ ಹೋಗುತ್ತದೆ. ಸರಿಯಾದ ಲೆಕ್ಕ ಹೀಗೆ:

4 ತುಂಡು × 4½ = 18 ಇಂಚು
ನಡುವಿನ 3 ಜೋಡಣೆಗೆ 3 × ½ = 1½ ಇಂಚು ಕಳೆದರೆ 16½
ಸುತ್ತಿನ ಹೊಲಿಗೆಗೆ ½ ಇಂಚು ಕಳೆದರೆ 16

ನಾನು ಅಳುತ್ತಾ ಕೂತಾಗ ಅಜ್ಜಿ ಅಂದಳು: “ಯವ್ವಾ, ಎರಡು ತುಂಡು ಕೂಡಬೇಕಂದ್ರ ಎರಡೂ ಕಡಿಂದ ಒಂದೀಟು ಬಿಟ್ಟುಕೊಡಬೇಕಾಗತೈತಿ. ಬಿಟ್ಟುಕೊಡದ ಹೊಲದ್ರ ಅಂಚು ಬಿಚ್ಚಿ ಬರತೈತಿ.”

ಮಾಡುವ ವಿಧಾನ

1. ಬಟ್ಟೆ ತೊಳೆದು ಒಣಗಿಸಿ. ಕೆಂಪು, ಕಡುನೀಲಿ ಬಟ್ಟೆಯನ್ನು ಒದ್ದೆ ಬಿಳಿ ಅರಿವೆಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಆ ಬಟ್ಟೆ ಬೇಡ. ನನ್ನ ಎರಡನೇ ಚೀಲದಲ್ಲಿ ಒಂದು ಕೆಂಪು ತುಂಡು ಬಣ್ಣ ಬಿಟ್ಟು, ಪಕ್ಕದ ಬಿಳಿ ತುಂಡುಗಳೆಲ್ಲಾ ಗುಲಾಬಿಯಾದವು. ನೈಲಾನ್ ಬಟ್ಟೆಯನ್ನೂ ಬೆರೆಸಬೇಡಿ. ತೊಳೆದಾಗ ಹತ್ತಿ ಕುಗ್ಗುತ್ತದೆ, ನೈಲಾನ್ ಕುಗ್ಗುವುದಿಲ್ಲ. ಆಗ ಸುಕ್ಕು ಬರುತ್ತದೆ.

2. ರಟ್ಟನ್ನು 4½ ಇಂಚು ಚೌಕ ಕತ್ತರಿಸಿ ಅದರ ಅಳತೆಗೇ ಎಲ್ಲಾ ತುಂಡು ಗುರುತು ಮಾಡಿ. ಒಂದು ತುಂಡು ನೋಡಿ ಇನ್ನೊಂದು ಕತ್ತರಿಸಿದರೆ ಅಳತೆ ತಪ್ಪುತ್ತಾ ಹೋಗುತ್ತದೆ.

3. ತುಂಡುಗಳನ್ನು ನೆಲದ ಮೇಲೆ 4 ಸಾಲಾಗಿ ಹರಡಿ. ಒಂದೇ ಬಣ್ಣ ಅಕ್ಕಪಕ್ಕ ಬಾರದಂತೆ ನೋಡಿ. ಮೊದಲು ಸಾಲು ಹೊಲಿದು, ಆಮೇಲೆ ಸಾಲಿಗೆ ಸಾಲು ಕೂಡಿಸಿ.

4. ಕೆಳಗೆ ಅಸ್ತರ, ಅದರ ಮೇಲೆ ಧೋತರ, ಮೇಲೆ ತುಂಡಿನ ಬಟ್ಟೆ ಇಟ್ಟು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ, ಒಂದು ಬೆರಳಗಲ ಬಿಟ್ಟು ಸಾಲು ಹೊಲಿಯಿರಿ. ಸೂಜಿ ಎಲ್ಲಾ ಪದರ ದಾಟಬೇಕು. ಈ ಹೊಲಿಗೆಯೇ ಒಳಗಿನ ಧೋತರ ಮುದ್ದೆಯಾಗದಂತೆ ಹಿಡಿಯುತ್ತದೆ. ದಾರ ಜಗ್ಗಿ ಎಳೆಯಬೇಡಿ.

5. ಮುಗಿದ ಮೇಲೆ ಕಚ್ಚಾ ಹೊಲಿಗೆ ಬಿಚ್ಚಿ, ಹೆಚ್ಚಾದ ಅಂಚು ಕತ್ತರಿಸಿ. ಮುಂಬದಿ ಸ್ವಲ್ಪ ಕುಗ್ಗಿರುತ್ತದೆ. ಹಿಂಬದಿಯ ಉದ್ದವನ್ನು ಅದಕ್ಕೆ ಹಿಡಿದು ಸರಿ ಮಾಡಿಕೊಳ್ಳಿ.

6. ಹಿಂಬದಿಯ ಎರಡೂ ತುಂಡಿನ ಒಂದೊಂದು ಉದ್ದನೆ ಅಂಚನ್ನು ಅರ್ಧ ಇಂಚಿನಂತೆ ಎರಡು ಸಲ ಮಡಚಿ ಹೊಲಿಯಿರಿ. ಮುಂಬದಿಯ ಚೆಂದದ ಮಗ್ಗುಲು ಮೇಲೆ ಬರುವಂತೆ ಹಾಸಿ, ಅದರ ಮೇಲೆ ಇವೆರಡನ್ನು ಬೋರಲಾಗಿ ಇಡಿ. ಮಡಚಿದ ಅಂಚುಗಳು ನಡುವೆ ಸುಮಾರು 4 ಇಂಚು ಒಂದರ ಮೇಲೊಂದು ಬರಬೇಕು. ನಾಲ್ಕೂ ಕಡೆ ಬಿಗಿಯಾಗಿ ಹೊಲಿದು, ಹೊಲಿಗೆಗೆ ತಾಗದಂತೆ ಮೂಲೆ ಕತ್ತರಿಸಿ, ಆ ಬಾಯಿಯಿಂದ ತಿರುವಿ ಹಾಕಿ. ಗುಂಡಿ, ಜಿಪ್ಪು ಏನೂ ಬೇಡ.

ಮೂರನೇ ಚೀಲದ ತುಂಡುಗಳು

ಎರಡು ಚೀಲ ಕೆಟ್ಟ ಮೇಲೆ ನಮ್ಮ ಮನೆಯಲ್ಲಿ ಹತ್ತಿ ಬಟ್ಟೆ ಉಳಿದದ್ದು 9 ತುಂಡಿಗೆ ಮಾತ್ರ. “ಉಳಿದ 7 ತುಂಡು ಆ ಮನ್ಯಾಗ ಕೇಳು” ಅಂದಳು ಅಜ್ಜಿ. ನನಗೆ ಹೆದರಿಕೆ. ಆದರೂ ಹೋದೆ. ಕಾಕು ಏನೂ ಮಾತಾಡದೆ ಟ್ರಂಕು ತೆಗೆದು, ಕಾಕಾನ ಹಳೇ ಅಂಗಿ ಮತ್ತು ಕೂಸಿನ ಜಬಲಾ ಕೊಟ್ಟಳು.

ಚೀಲ ಮುಗಿದ ದಿನ ಅಜ್ಜಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ತುಂಡು ಬೆರಳಿಂದ ಮುಟ್ಟಿದಳು. “ಇದು ನಿಮ್ಮಜ್ಜನ ಧೋತರ. ಇದು ನಿಮ್ಮಪ್ಪಂದು. ಇದು ಸಣ್ಣಾಂವಂದು.” ಕಣ್ಣು ಕಾಣದಿದ್ದರೂ ಒಂದೂ ತಪ್ಪಲಿಲ್ಲ.

ಈ ತಿಂಗಳು ಅಜ್ಜಿ ಆ ಮನೆಗೆ ಹೋಗುವಾಗ ದಿಂಬು ಮರೆತಳು. ನಾನು ಸಾಲಿಯಲ್ಲಿದ್ದೆ. ಸಂಜೆ ಬಂದರೆ ದಿಂಬು ಇಲ್ಲ. ಅವ್ವನೇ ಅಂಗಳ ದಾಟಿ ಕೊಟ್ಟು ಬಂದಿದ್ದಳು. “ಕಾಕು ಕೂಡ ಮಾತಾಡಿದೇನವ್ವಾ?” ಅಂತ ಕೇಳಿದೆ. “ದಿಂಬು ಕೊಟ್ಟು ಬಂದೆ. ಚಾ ಕುಡಿ ಅಂದಳು, ಕುಡಿದೆ” ಅಂದಳು. ಇದನ್ನು ಅವ್ವನನ್ನು ಕೇಳಿಯೇ ಬರೆದಿದ್ದೇನೆ.

ನೀವೂ ಒಂದು ಹೊಲಿದು ನೋಡಿರಿ. ಕತ್ತರಿ ಹಿಡಿಯುವ ಮೊದಲು ಕಾಲು ಇಂಚು ಮರೆಯಬೇಡಿರಿ. ಹೊಲಿಗೆ ಹೆಣ್ಣುಮಕ್ಕಳದ್ದೇ ಕೆಲಸ ಅಂತ ನಗುವ ಗೆಳೆಯರೇ, ನಮ್ಮೂರ ಟೇಲರ್ ಗಂಡಸರೇ ಅಲ್ಲವೇ? ಲೆಕ್ಕ ತಿಳಿಯದಿದ್ದರೆ ಊಟದ ಬಿಡುವಿನಲ್ಲಿ ನನ್ನನ್ನು ಕೇಳಿರಿ. 14 ಇಂಚಿನ ಆ ಮೊದಲ ಚೀಲವನ್ನು ತಂದು ತೋರಿಸುತ್ತೇನೆ.

– 9ನೇ ತರಗತಿಯ ವಿದ್ಯಾರ್ಥಿನಿ