ವಾರಂಟ್ ಇದೆಯೇ? ತಿಳಿದುಕೊಳ್ಳುವ ಮತ್ತು ತೀರಿಸಿಕೊಳ್ಳುವ ಕ್ರಮ



ಕಾಫಿ ಹಣ್ಣು ಕೊಯ್ಲಿಗೆ ಬಂದಾಗ, ಅಡಿಕೆ ಸುಲಿಯುವ ಕಾಲದಲ್ಲಿ, ಆಳು ಸಿಗದ ಈ ದಿನಗಳಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೋಗಿ ನ್ಯಾಯಾಲಯದಲ್ಲಿ ಒಂದು ದಿನ ಕಳೆಯುವುದು ಕಷ್ಟವೇ ಸರಿ. ಹಾಗೆಂದು ವಾಯಿದೆ ತಪ್ಪಿಸಿದರೆ ಆಗುವುದೇನೆಂಬುದು ಪೊಲೀಸರು ಮನೆಬಾಗಿಲಿಗೆ ಬಂದ ದಿನವೇ ಅನೇಕರಿಗೆ ತಿಳಿಯುತ್ತದೆ. ಆದುದರಿಂದ ಬಂಧನದ ವಾರಂಟ್ ಎಂದರೇನು, ಅದು ಇದೆಯೇ ಎಂದು ತಿಳಿಯುವುದು ಹೇಗೆ, ಅದನ್ನು ರದ್ದು ಮಾಡಿಸುವ ಬಗೆ ಏನು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ವಾರಂಟ್ ಯಾರ ಮೇಲೆ ಹೊರಡುತ್ತದೆ?

ನ್ಯಾಯಾಲಯ ಸಾಮಾನ್ಯವಾಗಿ ಮೊದಲು ಸಮನ್ಸ್ ಕಳುಹಿಸುತ್ತದೆ. ಅದಕ್ಕೂ ಬಾರದಿದ್ದರೆ ಜಾಮೀನು ಸಹಿತ ವಾರಂಟ್, ಆಮೇಲೆ ಜಾಮೀನು ರಹಿತ ವಾರಂಟ್. ಜಾಮೀನು ರಹಿತ ವಾರಂಟನ್ನು ಯಾಂತ್ರಿಕವಾಗಿ ಹೊರಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಹೇಳಿದೆ. ಆದರೆ ಒಮ್ಮೆ ಜಾಮೀನು ಪಡೆದು, ಮುಂದಿನ ವಾಯಿದೆಗೆ ಹಾಜರಾಗುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟವರು ಗೈರುಹಾಜರಾದರೆ ನೇರವಾಗಿ ಜಾಮೀನು ರಹಿತ ವಾರಂಟೇ ಹೊರಡುವುದುಂಟು.

ಇದು ಕಳ್ಳಕಾಕರಿಗೆ ಮಾತ್ರ ಬರುವುದೆಂದು ತಿಳಿಯಬೇಡಿ. ಗೊಬ್ಬರದಂಗಡಿಗೆ ಕೊಟ್ಟ ಚೆಕ್ಕು ವಾಪಸಾದ ಪ್ರಕರಣ, ಜೀಪು ಅಪಘಾತ, ಬೇಲಿಯ ತಕರಾರಿನಲ್ಲಿ ಆದ ಹೊಡೆದಾಟ, ಜೀವನಾಂಶದ ಬಾಕಿ, ಇವೆಲ್ಲವುಗಳಲ್ಲೂ ವಾರಂಟ್ ಬರಬಹುದು. ಸಮನ್ಸ್ ಪಡೆದೂ ಬಾರದ ಸಾಕ್ಷಿಯ ಮೇಲೂ ಬರಬಹುದು. ಸಾಲದ ಡಿಕ್ರಿಯ ಅಮಲ್ಜಾರಿಯಲ್ಲಿ ಹೊರಡುವ ಸಿವಿಲ್ ವಾರಂಟಿನ ಕ್ರಮ ಬೇರೆ. ಈ ಪಾಠ ಅದಕ್ಕೆ ಅನ್ವಯಿಸದು.

ಒಂದು ಉದಾಹರಣೆ

ಮೂರು ಎಕರೆ ತೋಟದ ಒಬ್ಬ ಬೆಳೆಗಾರರು ಗೊಬ್ಬರದ ಬಾಬ್ತು ಚೆಕ್ಕು ಕೊಟ್ಟರೆಂದು ಇಟ್ಟುಕೊಳ್ಳೋಣ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ವಾಪಸಾಯಿತು. ಬ್ಯಾಂಕಿನಿಂದ ವಿಷಯ ತಿಳಿದ 30 ದಿನಗಳೊಳಗೆ ಅಂಗಡಿಯವರು ನೋಟಿಸು ಕೊಡಬೇಕು. ನೋಟಿಸು ತಲುಪಿದ 15 ದಿನಗಳೊಳಗೆ ಹಣ ಕೊಟ್ಟರೆ ಕೇಸು ಇಲ್ಲ. ಇವರು ಕೊಡಲಿಲ್ಲ. ಅಂಗಡಿಯವರು ನ್ಯಾಯಾಲಯದಲ್ಲಿ ಖಾಸಗಿ ದೂರು ಹಾಕಿದರು. ಅಂಚೆಯಲ್ಲಿ ಬಂದ ಸಮನ್ಸನ್ನು ಇವರು ‘ಬೇಡ’ ಎಂದು ಹಿಂದಕ್ಕೆ ಕಳುಹಿಸಿದರು. ಆದರೆ ಚೆಕ್ ಪ್ರಕರಣಗಳಲ್ಲಿ ಹೀಗೆ ನಿರಾಕರಿಸಿದ ಸಮನ್ಸನ್ನು ನ್ಯಾಯಾಲಯ ಜಾರಿಯಾಯಿತೆಂದೇ ಪರಿಗಣಿಸಬಹುದು. ಮುಂದೆ ವಾರಂಟ್ ಹೊರಟಿತು.

ಅಡಿಕೆ ಮಾರಿದ ಮೇಲೆ ಇವರು ಅಂಗಡಿಯ ಬಾಕಿಯನ್ನು ಪೂರ್ತಿ ತೀರಿಸಿ ನಿಶ್ಚಿಂತರಾದರು. ಇಲ್ಲಿಯೇ ಎಡವಿದ್ದು. ಬಾಕಿ ತೀರಿತು, ಕೇಸು ತೀರಲಿಲ್ಲ, ವಾರಂಟೂ ತೀರಲಿಲ್ಲ. ರಾಜಿಯನ್ನು ನ್ಯಾಯಾಲಯದ ಮುಂದೆ ದಾಖಲು ಮಾಡಿಸಬೇಕು. ಅಂಗಡಿಯವರ ಕೈಬರಹದ ರಶೀದಿಯಿಂದ ನ್ಯಾಯಾಲಯದ ಆದೇಶ ರದ್ದಾಗುವುದಿಲ್ಲ.

ತಾನಾಗಿ ಮುಗಿಯುವ ಕಾಗದವಲ್ಲ

ಈ ಪಾಠದ ಮುಖ್ಯ ಮಾತು ಇದು. ಹೊರಡಿಸಿದ ನ್ಯಾಯಾಲಯ ರದ್ದುಪಡಿಸುವವರೆಗೆ ಅಥವಾ ಜಾರಿಯಾಗುವವರೆಗೆ ವಾರಂಟ್ ಊರ್ಜಿತದಲ್ಲಿರುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಮಿನಲ್ಲಿ ಹೀಗೆಯೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಮಿನಲ್ಲಿಯೂ ಹೀಗೆಯೇ ಇದೆ. ‘ಐದು ವರ್ಷವಾಯಿತು, ಇನ್ನು ಯಾರು ಕೇಳುತ್ತಾರೆ’ ಎನ್ನುವಂತಿಲ್ಲ.

ಕೊಳೆರೋಗ ಕಂಡ ಮೇಲೆ ಮಳೆ ನಿಲ್ಲಲೆಂದು ಕಾದು ಕುಳಿತವನ ತೋಟದಂತೆ, ಕಾದಷ್ಟೂ ನಷ್ಟ ಹೆಚ್ಚು. ವ್ಯಕ್ತಿ ತಲೆಮರೆಸಿಕೊಂಡಿದ್ದಾನೆಂದು ನ್ಯಾಯಾಲಯಕ್ಕೆ ಕಂಡುಬಂದರೆ ಉದ್ಘೋಷಣೆ ಹೊರಡಿಸಿ, ಆಸ್ತಿ ಜಪ್ತಿಗೂ ಆದೇಶಿಸಬಹುದು. ಜಾಮೀನು ನಿಂತ ನೆಂಟನಿಗೋ ನೆರೆಯವನಿಗೋ ಮುಚ್ಚಳಿಕೆಯ ಹಣ ಕಟ್ಟುವಂತೆ ನೋಟಿಸು ಬರುತ್ತದೆ. ತನ್ನ ಪಹಣಿ ತಂದು ನಮಗಾಗಿ ರುಜು ಹಾಕಿದವನನ್ನು ಸಿಕ್ಕಿಸಿದಂತಾಗುತ್ತದೆ. ಜಾಮೀನಿನ ಮೇಲೆ ಬಿಡುಗಡೆಯಾಗಿ ಸಕಾರಣವಿಲ್ಲದೆ ಹಾಜರಾಗದಿರುವುದು ಪ್ರತ್ಯೇಕ ಅಪರಾಧವೂ ಹೌದು.

ಇದೆಯೇ ಎಂದು ತಿಳಿಯುವ ಬಗೆ

1. ‘ಇ-ಕೋರ್ಟ್ಸ್ ಸರ್ವಿಸಸ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಅಥವಾ ಅದೇ ಹೆಸರಿನ ಮೊಬೈಲ್ ಆ್ಯಪ್‌ನಲ್ಲಿ ಕೇಸಿನ ಸ್ಥಿತಿಯನ್ನು ಉಚಿತವಾಗಿ ನೋಡಬಹುದು. ಪ್ರತಿ ಕೇಸಿಗೂ 16 ಅಕ್ಷರ ಮತ್ತು ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಅದು ಗೊತ್ತಿಲ್ಲದಿದ್ದರೆ ರಾಜ್ಯ, ಜಿಲ್ಲೆ, ನ್ಯಾಯಾಲಯ ಆರಿಸಿ, ಕಕ್ಷಿದಾರರ ಹೆಸರು ಮತ್ತು ಕೇಸಿನ ವರ್ಷ ಕೊಟ್ಟು ಹುಡುಕಬಹುದು. ಎಫ್.ಐ.ಆರ್. ಸಂಖ್ಯೆಯಿಂದಲೂ ಹುಡುಕಲು ಬರುತ್ತದೆ.

2. ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ. ಪಹಣಿಯಲ್ಲಿರುವಂತೆ, ಆಧಾರ್‌ನಲ್ಲಿರುವಂತೆ, ಮನೆತನದ ಹೆಸರು ಸೇರಿಸಿ, ಬಿಟ್ಟು, ನಾಲ್ಕಾರು ರೀತಿ ಹುಡುಕಿರಿ. ಒಂದೇ ಹೆಸರಿನವರು ಅನೇಕರಿರುವುದರಿಂದ ತಂದೆಯ ಹೆಸರು, ಊರು ತಾಳೆ ನೋಡಿರಿ.

3. ‘ಹಂತ’ ಎಂಬಲ್ಲಿ ಅಥವಾ ಆಯಾ ದಿನದ ನಡಾವಳಿಯಲ್ಲಿ ವಾರಂಟಿನ ಉಲ್ಲೇಖ ಇರಬಹುದು. ಇಲ್ಲವೆಂದ ಮಾತ್ರಕ್ಕೆ ವಾರಂಟ್ ಇಲ್ಲವೆಂದು ಅರ್ಥವಲ್ಲ. ಹಲವು ಆರೋಪಿಗಳಿದ್ದ ಕೇಸಿನಲ್ಲಿ ಬಾರದವನ ಭಾಗವನ್ನು ಬೇರ್ಪಡಿಸಿ ಹೊಸ ಸಂಖ್ಯೆ ಕೊಡುವುದುಂಟು. ಹಳೆಯ ಸಂಖ್ಯೆಯಲ್ಲಿ ‘ವಿಲೇವಾರಿ’ ಎಂದು ಕಂಡು ಮೋಸಹೋಗಬಾರದು.

4. ಖಚಿತವಾದ ದಾರಿಯೆಂದರೆ ವಕೀಲರ ಮೂಲಕ ಕಡತದ ಆದೇಶ ಹಾಳೆಯನ್ನೇ ನೋಡಿಸುವುದು. ನೇರ ಠಾಣೆಗೆ ಹೋಗಿ ವಿಚಾರಿಸಿದರೆ, ವಾರಂಟ್ ಇದ್ದ ಪಕ್ಷದಲ್ಲಿ ಅಲ್ಲಿಯೇ ದಸ್ತಗಿರಿಯಾಗಬಹುದು.

ರದ್ದು ಮಾಡಿಸುವ ಕ್ರಮ

ವಾರಂಟ್ ಹೊರಡಿಸಿದ ನ್ಯಾಯಾಲಯವನ್ನೇ ಕೇಳಿಕೊಳ್ಳಬೇಕು. ವಕೀಲರು ವಕಾಲತ್ತು ಹಾಗೂ ವಾರಂಟ್ ರದ್ದತಿಯ ಅರ್ಜಿ ಸಲ್ಲಿಸುತ್ತಾರೆ. ಸಾಮಾನ್ಯವಾಗಿ ಆರೋಪಿ ಖುದ್ದು ಹಾಜರಿರಬೇಕಾಗುತ್ತದೆ. ಬೆಳಗ್ಗೆಯೇ ಹೋಗಿರಿ, ಜಾಮೀನುದಾರರನ್ನು ಜೊತೆಗೆ ಕರೆದೊಯ್ಯಿರಿ. ಅವರ ಆಧಾರ್, ಈಚಿನ ಪಹಣಿ, ಕಂದಾಯ ರಶೀದಿ ಸಿದ್ಧವಿರಲಿ.

ಗೈರುಹಾಜರಿಗೆ ನಿಜವಾದ ಕಾರಣವನ್ನೇ ಹೇಳಿರಿ. ಕಾಯಿಲೆಯಾಗಿದ್ದರೆ ಆಸ್ಪತ್ರೆಯ ಚೀಟಿ, ಸಮನ್ಸ್ ಹಳೆಯ ವಿಳಾಸಕ್ಕೆ ಹೋಗಿದ್ದರೆ ಈಗಿನ ವಿಳಾಸದ ದಾಖಲೆ ತೋರಿಸಿರಿ. ನ್ಯಾಯಾಧೀಶರು ದಂಡ ಅಥವಾ ಖರ್ಚು ವಿಧಿಸಿ, ಹೊಸ ಮುಚ್ಚಳಿಕೆ ಪಡೆದು ರದ್ದುಪಡಿಸಬಹುದು; ಅರ್ಜಿ ತಿರಸ್ಕರಿಸುವ ಅಧಿಕಾರವೂ ಅವರಿಗಿದೆ. ತಾನಾಗಿ ಬಂದವನಿಗೂ ಪೊಲೀಸರು ಹಿಡಿದು ತಂದವನಿಗೂ ವ್ಯತ್ಯಾಸವಿದೆ ಎಂಬುದನ್ನು ಮರೆಯಬಾರದು.

ರದ್ದಾದೊಡನೆ ಕೆಲಸ ಮುಗಿಯಲಿಲ್ಲ. ಆದೇಶದ ದೃಢೀಕೃತ ನಕಲು ಪಡೆದುಕೊಳ್ಳಿ. ಠಾಣೆಗೆ ತಿಳುವಳಿಕೆ ಹೋಯಿತೇ ಎಂದು ವಕೀಲರ ಮೂಲಕ ವಿಚಾರಿಸಿ. ಕಾಗದ ಠಾಣೆ ತಲುಪದೆ, ರದ್ದಾದ ವಾರಂಟಿನ ಮೇಲೆಯೇ ಪೊಲೀಸರು ಬಂದರೆ ಆ ನಕಲೇ ನಿಮ್ಮ ರಕ್ಷಣೆ. ಮುಂದಿನ ವಾಯಿದೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹೋಗಲಾಗದ ದಿನ ವಕೀಲರಿಂದ ಮುಂಚಿತವಾಗಿ ಗೈರುಹಾಜರಿ ಮನ್ನಣೆಯ ಅರ್ಜಿ ಹಾಕಿಸಿ.

ವಕೀಲರ ಶುಲ್ಕಕ್ಕೆ ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ನೆರವಿಗೆ ಅರ್ಹರು. ಸಹಾಯವಾಣಿ 15100.

ಪೊಲೀಸರು ಬಂದರೆ

ಓಡಬೇಡಿ, ಎದುರಿಸಬೇಡಿ. ವಾರಂಟನ್ನು ತೋರಿಸುವಂತೆ ಕೇಳಬಹುದು. ಕೇಳಿದರೆ ತೋರಿಸಬೇಕೆಂದು ಕಾನೂನಿದೆ. ನ್ಯಾಯಾಲಯದ ಹೆಸರು, ಕೇಸಿನ ಸಂಖ್ಯೆ ಬರೆದುಕೊಂಡು ಮನೆಯವರಿಗೆ ಕೊಡಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕು.

ಫೋನಿನಲ್ಲಿ ‘ನಿಮ್ಮ ಮೇಲೆ ವಾರಂಟ್ ಇದೆ, ಹಣ ಕಳುಹಿಸಿದರೆ ರದ್ದು ಮಾಡುತ್ತೇವೆ’ ಎನ್ನುವವರು ವಂಚಕರು. ವಿಡಿಯೋ ಕರೆಯಲ್ಲಿ ಕೂರಿಸಿ ಮಾಡುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿಯೇ ಇಲ್ಲ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ದೂರು ಕೊಡಿ.

ನೆನಪಿಡಬೇಕಾದ ಅಂಶಗಳು

• ಬಂದ ಸಮನ್ಸನ್ನು ಹಿಂದಕ್ಕೆ ಕಳುಹಿಸಬೇಡಿ.
• ಬಾಕಿ ತೀರಿಸಿದರೆ ಸಾಲದು, ಕೇಸನ್ನೂ ಮುಗಿಸಿಕೊಳ್ಳಿ.
• ವಾರಂಟ್ ಹಳೆಯದಾದರೂ ರದ್ದಾಗುವವರೆಗೆ ಊರ್ಜಿತ.
• ಅದು ನಿಮ್ಮಲ್ಲಿಗೆ ಬರುವ ಮೊದಲು ನೀವೇ ಅದರಲ್ಲಿಗೆ ಹೋಗಿ.

ಎಲ್ಲೋ ಹಳೆಯ ಕೇಸೊಂದು ಇದೆಯೆಂಬ ಅನುಮಾನವಿದ್ದ ಸದಸ್ಯರು ಕೊಯ್ಲು ಆರಂಭವಾಗುವ ಮುನ್ನವೇ ಒಂದು ದಿನ ಬಿಡುವು ಮಾಡಿಕೊಂಡು ವಿಚಾರಿಸಿಕೊಳ್ಳುವುದು ಒಳಿತು. ಓದಲು ಬಾರದ ನೆರೆಹೊರೆಯವರಿಗೆ ಈ ಪಾಠವನ್ನು ಓದಿ ಹೇಳಬೇಕಾಗಿ ಕೋರುತ್ತೇವೆ.